ದಾನಚಿಂತಾಮಣಿ ಮಾತೆ ಅತ್ತಿಮಬ್ಬೆ

ತಾಯಿಯನ್ನು ಪೂಜ್ಯಭಾವದಿಂದ ಕಾಣುವ ಪದ್ಧತಿ ಜೈನ ಸಮಾಜದಲ್ಲಿ ಅತಿ ಪ್ರಾಚೀನವಾದುದು. ಪಂಚಕಲ್ಯಾಣಗಳಲ್ಲಿ ಮೊದಲನೆಯದಾದ ಗರ್ಭಕಲ್ಯಾಣವು ತಾಯಿಯ ಸ್ವಪ್ನಗಳಿಂದಲೇ ಪ್ರಾರಂಭವಾಗುತ್ತದೆ. ಭಗವಾನ್ ಮಹಾವೀರರ ಮಾತೆ ತ್ರಿಶಲಾದೇವಿಯು ಕಂಡ ಸ್ವಪ್ನಗಳನ್ನು ದಿಗಂಬರರು 16 ಎಂದೂ ಶ್ವೇತಾಂಬರರು 14 ಎಂದೂ ಎಣಿಸುವರು. ಎಣಿಕೆಯಲ್ಲಿ ಭೇದವಿದ್ದರೂ ಆ ತಾಯಿಗೆ ಸಲ್ಲುವ ಗೌರವದಲ್ಲಿ ಭೇದವಿಲ್ಲ. ತೀರ್ಥಂಕರರ ಮಾತೆಯರಲ್ಲದೆ, ಸಂಸಾರದ ಸುಖದುಃಖಗಳನ್ನು ಉಂಡ ಶ್ರಾವಿಕೆಯೊಬ್ಬಳೂ ನಮ್ಮ ನಾಡಿನಲ್ಲಿ ಮಾತೆಯೆಂದು ಪೂಜ್ಯಳಾಗಿರುವಳು. ಆಕೆಯೇ ಹತ್ತನೆಯ ಶತಮಾನದ ಅತ್ತಿಮಬ್ಬೆ.

ಅತ್ತಿಮಬ್ಬೆಯ ಮನೆತನದ ಮೂಲವು ವೇಂಗಿ ವಿಷಯದ ಕಮ್ಮೆನಾಡಿನ ಪುಂಗನೂರು. ತಂದೆ ಮಲ್ಲಪಯ್ಯ ಮತ್ತು ಅವನ ಸಹೋದರ ಪುನ್ನಮಯ್ಯ ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ತೆಲುಗು ಸೀಮೆಯ ಮನೆತನವು ಕನ್ನಡ ಪುರಾಣಕ್ಕೆ ಆಶ್ರಯವಿತ್ತಿತು. 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿಯ ಜನರಿಗೆ ಇದು ಆಶ್ಚರ್ಯದ ಸಂಗತಿಯೇನಲ್ಲ.

ಚಾಲುಕ್ಯ ಚಕ್ರವರ್ತಿ ತೈಲಪನ ಮಂತ್ರಿಯಾದ ಧಲ್ಲಪನ ಮಗ ನಾಗದೇವನಿಗೆ ಅತ್ತಿಮಬ್ಬೆಯನ್ನೂ ಅವಳ ತಂಗಿ ಗುಂಡಮಬ್ಬೆಯನ್ನೂ ಕೊಟ್ಟು ವಿವಾಹ ಮಾಡಲಾಯಿತು. ನಾಗದೇವನು ಅಕಾಲದಲ್ಲಿ ಮರಣ ಹೊಂದಿದನು. ಗುಂಡಮಬ್ಬೆ ಸಹಗಮನ ಮಾಡಿದಳು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅಗ್ನಿಪ್ರವೇಶವನ್ನು ಲೋಕಮೂಢತೆಯೆಂದು ಎಣಿಸಿದ್ದರೂ ಕಾಲದ ರೂಢಿ ಬಲವಾಗಿತ್ತು. ಒಂದೇ ದುಃಖದಲ್ಲಿ ಪತಿಯನ್ನೂ ಒಡಹುಟ್ಟಿದವಳನ್ನೂ ಕಳೆದುಕೊಂಡ ಅತ್ತಿಮಬ್ಬೆಯ ಮುಂದೆ ಮಗ ಅಣ್ಣಿಗದೇವನಿದ್ದನು. ಅವಳು ಚಿತೆಯನ್ನು ಏರಲಿಲ್ಲ. ಮಗನ ಪಾಲನೆಯನ್ನೂ ಜಿನಧರ್ಮದ ಸೇವೆಯನ್ನೂ ಕೈಗೊಂಡು, ವ್ರತನಿಯಮಗಳಲ್ಲಿ ದೇಹವನ್ನು ದಂಡಿಸುತ್ತಾ ಬದುಕಿದಳು. ತಂಗಿಯಂತೆ ಅವಳೂ ಹೊರಟುಹೋಗಿದ್ದರೆ ಆ ಬಾಲಕನ ಗತಿಯೇನಾಗುತ್ತಿತ್ತು?

ತಂದೆ ಬರೆಯಿಸಿದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಅವಳು ದಾನ ಮಾಡಿದಳು. ಮುದ್ರಣಯಂತ್ರವಿಲ್ಲದ ಆ ಕಾಲದಲ್ಲಿ ಒಂದೊಂದು ಅಕ್ಷರವನ್ನೂ ಕಂಠದಿಂದ ಓಲೆಯ ಮೇಲೆ ಕೊರೆಯಬೇಕಾಗಿತ್ತು. ಓಲೆಯ ಬೆಲೆ, ಲಿಪಿಕಾರರ ಕೂಲಿ, ಅವರ ಊಟವಸತಿ ಇವನ್ನು ಲೆಕ್ಕ ಹಾಕಿದರೆ ವ್ಯಾಪಾರಸ್ಥರಿಗೆ ಆ ದಾನದ ಪ್ರಮಾಣ ತಿಳಿದೀತು. ಇದಲ್ಲದೆ 1500 ಸುವರ್ಣ ಜಿನಪ್ರತಿಮೆಗಳನ್ನೂ ಮಾಡಿಸಿ ಕೊಟ್ಟಳು. ದಾನಚಿಂತಾಮಣಿಯೆಂಬ ಬಿರುದು ಹೀಗೆ ಸಾರ್ಥಕವಾಯಿತು. ಅವಳ ಆಶ್ರಯದಲ್ಲಿ ರನ್ನ ಕವಿಯು 993ರಲ್ಲಿ ಅಜಿತಪುರಾಣವನ್ನು ರಚಿಸಿ, ಅವಳ ಚರಿತ್ರೆಯನ್ನು ಅದರಲ್ಲಿ ಸೇರಿಸಿದನು. ತನ್ನ ಮಗಳಿಗೂ ಅತ್ತಿಮಬ್ಬೆ ಎಂದೇ ಹೆಸರಿಟ್ಟನು.

ಶ್ರವಣಬೆಳಗೊಳದ ಗೊಮ್ಮಟೇಶ್ವರನ ಮೂರ್ತಿಯನ್ನು ಚಾವುಂಡರಾಯನು ತಾಯಿ ಕಾಳಲಾದೇವಿಯ ಇಚ್ಛೆಯನ್ನು ಪೂರೈಸಲು ನಿಲ್ಲಿಸಿದನೆಂಬುದು ಪರಂಪರೆಯ ಕಥೆ. ಆ ಸ್ವಾಮಿಯ ದರ್ಶನಕ್ಕೆ ಅತ್ತಿಮಬ್ಬೆಯೂ ಬೆಟ್ಟವೇರಿದಳು. ದಣಿದಿದ್ದ ಅವಳಿಗಾಗಿ ಅಕಾಲದಲ್ಲಿ ಮಳೆ ಸುರಿಯಿತೆಂದು ಭಕ್ತರು ನಂಬುವರು.

ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. 1007ರ ಶಾಸನದಲ್ಲಿ ಅವಳ ದಾನಧರ್ಮಗಳ ವಿವರವಿದೆ. ಆದವಾನಿಯಿಂದ ಗುಂತಕಲ್, ಬಳ್ಳಾರಿ, ಹೊಸಪೇಟೆಗಳ ಮಾರ್ಗವಾಗಿ ಗದಗಕ್ಕೆ ಹೋಗುವ ಯಾತ್ರಿಕರಿಗೆ ಈ ಕ್ಷೇತ್ರವು ಗದಗದ ಸಮೀಪದಲ್ಲಿಯೇ ದೊರೆಯುತ್ತದೆ.