ಶಿಂಕಾವಾ ಓಣಿಯ ಸೇವಕರು: ಜಪಾನಿನ ತೊಯೊಹಿಕೊ ಕಾಗಾವಾರವರ ಚರಿತ್ರೆ



ರಬಕವಿ ಬನಹಟ್ಟಿಯ ಓಣಿಗಳಲ್ಲಿ ನಡೆಯುವಾಗ ಎರಡೂ ಕಡೆಯಿಂದ ಮಗ್ಗದ ಸಪ್ಪಳವು ಕಿವಿಗೆ ಬೀಳುತ್ತದೆ. ಮುಧೋಳ ಜಮಖಂಡಿಗಳ ಕಡೆಗೆ ಹೋದರೆ ಕಬ್ಬಿನ ಹೊಲಗಳು ಕಣ್ಣಿಗೆ ಕಾಣುತ್ತವೆ. ದುಡಿಯುವ ಕೈಗಳಿಗೆ ಇಲ್ಲಿ ಕೊರತೆಯಿಲ್ಲ. ಆದರೂ ದುಡಿದವನ ಮನೆಯಲ್ಲಿ ಸಾಲವು ತೀರದಿರುವದನ್ನೂ, ಒಂದೇ ಊರಿನೊಳಗೆ ಕೇರಿಗೂ ಕೇರಿಗೂ ನಡುವೆ ಕಣ್ಣಿಗೆ ಕಾಣದ ಗೋಡೆಯು ನಿಂತಿರುವದನ್ನೂ ನಾವೆಲ್ಲರೂ ಬಲ್ಲೆವು. ಇಂಥ ಗೋಡೆಯು ನಮ್ಮ ದೇಶದಲ್ಲಿ ಮಾತ್ರವೇ ಉಂಟೆಂದು ಕೆಲವರು ತಿಳಿದಿದ್ದಾರೆ. ಹಾಗಲ್ಲ, ಪೂರ್ವ ಸಮುದ್ರದಲ್ಲಿರುವ ಜಪಾನ್ ದ್ವೀಪಗಳಲ್ಲಿಯೂ ಅದು ಇತ್ತು. ಅದನ್ನು ದಾಟಿ ಹೋದ ಒಬ್ಬ ಕ್ರೈಸ್ತ ಸೇವಕರ ಚರಿತ್ರೆಯನ್ನು, ಅವರ ತಪ್ಪನ್ನೂ ಮರೆಮಾಡದೆ, ಈ ತಿಂಗಳು ಹೇಳುವೆವು.

ಜಪಾನಿನಲ್ಲಿ 1603 ರಿಂದ 1868 ರ ವರೆಗೆ ತೊಕುಗಾವಾ ಎಂಬ ಮನೆತನದವರು ಆಳಿದರು. ಆ ಕಾಲದಲ್ಲಿ ಯೋಧರು, ಒಕ್ಕಲಿಗರು, ಕಸಬುದಾರರು, ವ್ಯಾಪಾರಿಗಳು ಎಂದು ಜನರನ್ನು ಮೇಲು ಕೀಳಾಗಿ ವಿಂಗಡಿಸಿದ್ದರು. ಸತ್ತ ದನದ ಚರ್ಮವನ್ನು ಸುಲಿದು ಹದಮಾಡುವವರು ಮೊದಲಾದವರು ಈ ಎಲ್ಲರ ಹೊರಗಿದ್ದು, ಪ್ರತ್ಯೇಕ ಕೇರಿಗಳಲ್ಲಿ ವಾಸಿಸಿ, ಅಶುದ್ಧರೆಂದು ಎಣಿಸಲ್ಪಡುತ್ತಿದ್ದರು. 1871 ರಲ್ಲಿ ಸರಕಾರವು ಆಜ್ಞೆ ಹೊರಡಿಸಿ ಈ ಭೇದವನ್ನು ತೆಗೆದುಹಾಕಿತು. ಆದರೆ ಕಾಗದದಿಂದ ಅಳಿಸಿದ್ದು ಜನರ ಮನಸ್ಸಿನಿಂದ ಅಳಿಯಲಿಲ್ಲ. ಕ್ರೈಸ್ತ ಮತವೂ 1614 ರಿಂದ ಆ ದೇಶದಲ್ಲೆಲ್ಲಾ ನಿಷೇಧಿಸಲ್ಪಟ್ಟಿತ್ತು. ನಿಷೇಧವನ್ನು ಸಾರುತ್ತಿದ್ದ ಹಲಗೆಗಳನ್ನು 1873 ರಲ್ಲಿ ಕಿತ್ತರು. ಅದಾದ ಹದಿನೈದು ವರುಷಗಳ ಮೇಲೆ, 1888 ನೇ ಜುಲೈ 10 ರಂದು, ಕೋಬೆ ಎಂಬ ಬಂದರು ಪಟ್ಟಣದಲ್ಲಿ ತೊಯೊಹಿಕೊ ಕಾಗಾವಾ ಹುಟ್ಟಿದರು.

ತಂದೆಯು ಸ್ಥಿತಿವಂತ ವ್ಯಾಪಾರಿ. ತಾಯಿಯು ಅವನ ಮದುವೆಯ ಹೆಂಡತಿಯಲ್ಲ, ಹಾಡು ಕುಣಿತಗಳಿಂದ ಜೀವಿಸುತ್ತಿದ್ದ ಸ್ತ್ರೀ. ಬಾಲಕನಿಗೆ ಐದು ವರುಷ ತುಂಬುವ ಮೊದಲೇ ತಂದೆತಾಯಿಗಳಿಬ್ಬರೂ ತೀರಿಹೋದರು. ಅವನನ್ನು ತಂದೆಯ ಹಿರಿಯರ ಊರಿಗೆ ಕರಕೊಂಡು ಹೋದರು. ಆ ದೊಡ್ಡ ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ, ಪ್ರೀತಿಗೆ ಕೊರತೆಯಿತ್ತು. ತೊಕುಶಿಮಾ ಪಟ್ಟಣದ ಶಾಲೆಗೆ ಹೋಗುತ್ತಿರುವಾಗ ಮಾಯರ್ಸ್, ಲೋಗನ್ ಎಂಬ ಇಬ್ಬರು ಮಿಶನರಿಗಳ ಪರಿಚಯವಾಯಿತು. ಇಂಗ್ಲಿಷ್ ಕಲಿಯಲಿಕ್ಕೆ ಹೋದ ಹುಡುಗನು ಅವರಲ್ಲಿ ತಂದೆಯ ಪ್ರೀತಿಯನ್ನು ಕಂಡನು. ಮನೆಯವರಿಗೆ ತಿಳಿಯದಂತೆ ರಾತ್ರಿ ಹೊದಿಕೆಯೊಳಗೆ ಮುಖವನ್ನು ಅಡಗಿಸಿಕೊಂಡು ಪ್ರಾರ್ಥಿಸುತ್ತಿದ್ದನು. 1904 ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ದೀಕ್ಷಾಸ್ನಾನ ಹೊಂದಿದನು. ಮುಂದೆ ಸುವಾರ್ತಾಸೇವೆಗೆ ಹೋಗುವೆನೆಂದು ಹೇಳಿದಾಗ ಶ್ರೀಮಂತನಾದ ಚಿಕ್ಕಪ್ಪನು ಅವನ ಕೈಬಿಟ್ಟನು.

ಕಾಗಾವಾರವರು ಟೋಕಿಯೋದಲ್ಲಿಯೂ ಆಮೇಲೆ ಕೋಬೆಯಲ್ಲಿಯೂ ದೈವಜ್ಞಾನವನ್ನು ಅಭ್ಯಾಸಮಾಡಿದರು. ಕ್ಷಯರೋಗವು ಹತ್ತಿ ಸಾವಿನ ಬಾಗಿಲಿಗೆ ಹೋಗಿ ಬಂದರು. ಉಳಿದ ಆಯುಷ್ಯವು ತನ್ನದಲ್ಲ, ದೇವರದು ಎಂಬ ನಿಶ್ಚಯವು ಅವರಲ್ಲಿ ಅಂದಿನಿಂದ ನೆಲೆಗೊಂಡಿತು. 1909 ನೇ ದಶಂಬರ 24 ರಂದು, ಕ್ರಿಸ್ತಜಯಂತಿಯ ಹಿಂದಿನ ದಿನ, ಇಪ್ಪತ್ತೊಂದು ವಯಸ್ಸಿನ ಈ ವಿದ್ಯಾರ್ಥಿಯು ತನ್ನ ಸಾಮಾನುಗಳನ್ನು ಕೈಗಾಡಿಯಲ್ಲಿಟ್ಟುಕೊಂಡು ಕೋಬೆಯ ಶಿಂಕಾವಾ ಎಂಬ ಬಡವರ ಓಣಿಗೆ ಹೋಗಿ ಮನೆ ಹಿಡಿದರು. ಆ ಮನೆಯಲ್ಲಿ ಒಂದು ಕೊಲೆಯಾಗಿದ್ದು, ದೆವ್ವವಿದೆಯೆಂಬ ಭಯದಿಂದ ಯಾರೂ ಅಲ್ಲಿರುತ್ತಿರಲಿಲ್ಲ.

ಆ ಓಣಿಯಲ್ಲಿ ಹಮಾಲರು, ಭಿಕ್ಷುಕರು, ಕುಡುಕರು, ಸಮಾಜವು ಹೊರಗಿಟ್ಟ ಕುಲದವರು ಸಾವಿರಾರು ಮಂದಿ ಸಣ್ಣ ಸಣ್ಣ ಕೋಣೆಗಳಲ್ಲಿ ತುಂಬಿದ್ದರು. ಅಲ್ಲಿ ಹಣದಾಶೆಗೆ ಇತರರ ಕೂಸುಗಳನ್ನು ತೆಗೆದುಕೊಂಡು ಉಪವಾಸದಿಂದ ಸಾಯಿಸುವವರೂ ಇದ್ದರು. ಅಂಥ ಒಂದು ಹೆಣ್ಣು ಕೂಸನ್ನು ಕಾಗಾವಾರವರು ತಾವೇ ಎತ್ತಿಕೊಂಡು ಸಾಕಿದರು. ಮೈಯೆಲ್ಲಾ ಕಜ್ಜಿಯಾದವನನ್ನು ತಮ್ಮ ಹಾಸಿಗೆಯಲ್ಲಿಯೇ ಮಲಗಿಸಿಕೊಂಡರು. ಅಲ್ಲಿಂದಲೇ ಕಣ್ಣಿನ ರೋಗವು ಅಂಟಿ, ಅವರ ದೃಷ್ಟಿಯು ಜೀವಮಾನವೆಲ್ಲಾ ಮಂದವಾಗಿಯೇ ಇತ್ತು. ಪುಸ್ತಕ ಕಟ್ಟುವ ಕಾರಖಾನೆಯಲ್ಲಿ ದುಡಿಯುತ್ತಿದ್ದ ಹಾರು ಎಂಬ ಕನ್ಯೆಯನ್ನು 1913 ರಲ್ಲಿ ಮದುವೆಯಾದರು. ಆ ತಾಯಿಯೂ ಅದೇ ಓಣಿಗೆ ಬಂದು ಸಂಸಾರ ಹೂಡಿದರು.

1914 ರಲ್ಲಿ ಅವರು ಅಮೇರಿಕೆಗೆ ಹೋಗಿ ಪ್ರಿನ್ಸ್ಟನ್ ಸೆಮಿನರಿಯಲ್ಲಿ ಓದಿ, 1917 ರಲ್ಲಿ ಹಿಂದಿರುಗಿದರು. ನ್ಯೂಯಾರ್ಕಿನಲ್ಲಿ ಹೊಲಿಗೆಯ ಕೆಲಸಗಾರರು ಒಟ್ಟುಗೂಡಿ ಮೆರವಣಿಗೆ ಹೋಗುವದನ್ನು ಕಂಡಾಗ ಒಂದು ವಿಚಾರವು ಅವರ ಮನಸ್ಸಿನಲ್ಲಿ ಗಟ್ಟಿಯಾಯಿತು. ಹೊಳೆಯಲ್ಲಿ ತೇಲಿಬಂದವರನ್ನು ಒಬ್ಬೊಬ್ಬರನ್ನಾಗಿ ದಡಕ್ಕೆ ಎಳೆದರೆ ಸಾಲದು. ಮೇಲೆ ಅವರು ಹೊಳೆಗೆ ಬೀಳುವ ಸ್ಥಳದಲ್ಲಿ ಕಟ್ಟೆ ಕಟ್ಟಬೇಕು. ಆದದರಿಂದ ಅವರು ಕೂಲಿಕಾರರ ಸಂಘಗಳನ್ನು ಕಟ್ಟಿದರು. 1921 ರಲ್ಲಿ ಕೋಬೆಯ ಹಡಗು ಕಾರಖಾನೆಗಳ ಮೂವತ್ತು ಸಾವಿರದಷ್ಟು ಕೆಲಸಗಾರರು ಕೆಲಸ ನಿಲ್ಲಿಸಿದಾಗ, ಯಾರೂ ಕೈಯೆತ್ತಬಾರದೆಂದು ಬೋಧಿಸುತ್ತಾ ಅವರ ಮುಂದೆ ನಡೆದು ಸೆರೆಮನೆಯನ್ನು ಕಂಡರು. ಆ ಮುಷ್ಕರವು ಸೋತುಹೋಯಿತು. 1922 ರಲ್ಲಿ ಗೇಣಿ ಒಕ್ಕಲಿಗರ ಸಂಘವನ್ನು ಸ್ಥಾಪಿಸಿದರು. 1923 ನೇ ಸಪ್ಟಂಬರದ ಭೂಕಂಪದಲ್ಲಿ ಟೋಕಿಯೋ ಪಟ್ಟಣವು ಬೆಂದುಹೋದಾಗ ಅಲ್ಲಿಗೆ ಹೋಗಿ ನಿರಾಶ್ರಿತರ ಸೇವೆಗೆ ನಿಂತರು.

ಅವರು ನೆಟ್ಟವುಗಳಲ್ಲಿ ಹೆಚ್ಚು ಬೆಳೆದದ್ದು ಸಹಕಾರವೆಂಬ ಗಿಡ. 1921 ರಲ್ಲಿ ಕೋಬೆಯಲ್ಲಿ ಬಡವರು ತಮ್ಮ ಸಣ್ಣ ಹಣವನ್ನು ಕೂಡಿಸಿ, ಅಕ್ಕಿ ಬೇಳೆಗಳನ್ನು ದಲಾಲರಿಲ್ಲದೆ ತಾವೇ ಕೊಳ್ಳುವ ಸಂಘವು ಅವರ ಪ್ರೇರಣೆಯಿಂದ ಹುಟ್ಟಿತು. ಇಂದು ಅದರಲ್ಲಿ ಹತ್ತು ಲಕ್ಷಕ್ಕೂ ಮೀರಿದ ಸದಸ್ಯರಿದ್ದಾರೆ. ಇದು ನಮಗೆ ಅಪರಿಚಿತವಾದ ಸಂಗತಿಯಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905 ರಲ್ಲಿಯೇ ಸಿದ್ದನಗೌಡ ಪಾಟೀಲರು ಒಕ್ಕಲಿಗರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿ ದೇಶಕ್ಕೆ ದಾರಿ ತೋರಿಸಿದ್ದರು.

ಕಾಗಾವಾರವರು ನಮ್ಮ ದೇಶಕ್ಕೂ ಬಂದರು. 1938 ನೇ ದಶಂಬರದಲ್ಲಿ ಮದ್ರಾಸಿನ ಬಳಿಯ ತಾಂಬರಮ್ಮಿನಲ್ಲಿ ನಾನಾ ದೇಶಗಳ ಸಭೆಗಳವರು ಕೂಡಿದಾಗ ಅವರೂ ಇದ್ದರು. ಆಗ ಜಪಾನಿನ ಸೈನ್ಯವು ಚೀನಾ ದೇಶದಲ್ಲಿ ಯುದ್ಧಮಾಡುತ್ತಿತ್ತು. 1939 ನೇ ಜನವರಿಯಲ್ಲಿ ಬಾರ್ಡೋಲಿಯಲ್ಲಿ ಅವರನ್ನು ಕಂಡ ಗಾಂಧಿಯವರು, ಯುದ್ಧವು ತಪ್ಪೆಂದು ತಿಳಿದ ಮೇಲೆ ಪ್ರಾಣ ಹೋದರೂ ಅದನ್ನು ಸ್ವದೇಶದವರ ಮುಂದೆ ಹೇಳಬೇಕೆಂದು ಸೂಚಿಸಿದರು. 1940 ನೇ ಅಗಸ್ಟದಲ್ಲಿ ಯುದ್ಧವಿರೋಧಿಯೆಂದು ಸೈನ್ಯದ ಪೋಲೀಸರು ಅವರನ್ನು ಹಿಡಿದೊಯ್ದರು. ಆದರೆ ಮಹಾಯುದ್ಧದ ಕೊನೆಯ ಕಾಲದಲ್ಲಿ ಅವರು ಅಮೇರಿಕೆಯನ್ನು ನಿಂದಿಸಿ ರೇಡಿಯೋದಲ್ಲಿ ಮಾತಾಡಿದ್ದೂ ಉಂಟು. 1960 ನೇ ಎಪ್ರಿಲ್ 23 ರಂದು ಟೋಕಿಯೋದಲ್ಲಿ ಕರ್ತನಲ್ಲಿ ನಿದ್ರೆಹೋದರು.

ಇಲ್ಲಿಗೆ ಮುಗಿಸಿದರೆ ನಮಗೆ ಸುಲಭವಾಗುತ್ತಿತ್ತು. ಆದರೆ ಹೇಳಬೇಕಾದ ಮಾತು ಇನ್ನೊಂದಿದೆ. 1915 ರಲ್ಲಿ ಬಡವರ ಮನಸ್ಸಿನ ವಿಷಯವಾಗಿ ಪ್ರಕಟಿಸಿದ ಗ್ರಂಥದಲ್ಲಿ ಕಾಗಾವಾರವರು, ಚರ್ಮದ ಕೆಲಸದವರು ಮೊದಲಾದ ಆ ಹೊರಗಿನ ಕುಲದವರನ್ನು ಬೇರೆ ವಂಶದವರೆಂದೂ ಅಪರಾಧದ ಸ್ವಭಾವವುಳ್ಳವರೆಂದೂ ಬರೆದಿದ್ದರು. ಯಾರ ಮಗ್ಗುಲಲ್ಲಿ ಮಲಗಿದರೋ, ಯಾರಿಗೆ ತಮ್ಮ ಅನ್ನವನ್ನು ಕೊಟ್ಟರೋ, ಅವರನ್ನೇ ಹುಟ್ಟಿನಿಂದ ಕೀಳೆಂದು ಎಣಿಸಿದರು! 1922 ರಲ್ಲಿ ಆ ಕುಲದವರೇ ಕ್ಯೋಟೋ ಪಟ್ಟಣದಲ್ಲಿ ಕೂಡಿ ಸಮತೆಯ ಸಂಘವೊಂದನ್ನು ಸ್ಥಾಪಿಸಿ, ತಮಗೆ ಬೇಕಾದದ್ದು ಕನಿಕರವಲ್ಲ, ಮನುಷ್ಯರಿಗೆ ಸಲ್ಲುವ ಮಾನವು ಎಂದು ಲೋಕಕ್ಕೆ ಸಾರಿದರು. ಕಾಗಾವಾರವರ ಮರಣದ ತರುವಾಯ ಜಪಾನಿನ ಕ್ರೈಸ್ತರು ಆ ಬರಹವನ್ನು ಮುಚ್ಚಿಡದೆ ಬೆಳಕಿಗೆ ತಂದು ವಿಚಾರಿಸಿದರು. ಅದು ಒಳ್ಳೇದಾಯಿತು.

ಪ್ರಿಯರೇ, ಒಬ್ಬ ಸೇವಕನ ತಪ್ಪಿನಿಂದ ಅವನ ಸೇವೆಯು ಸುಳ್ಳಾಗುವದಿಲ್ಲ. ಸೇವೆಯಿಂದ ತಪ್ಪು ಸರಿಯಾಗುವದೂ ಇಲ್ಲ. ಪಾಪರಹಿತನು ಕ್ರಿಸ್ತನೊಬ್ಬನೇ. ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯವನ್ನು ಕಟ್ಟುವಾಗ ಅವನ ಕುಲವನ್ನು ಕೇಳಲಿಲ್ಲ. ನಾವಾದರೋ ಕರ್ತನ ಮೇಜಿನಲ್ಲಿ ಒಂದೇ ಪಾತ್ರೆಯಿಂದ ಕುಡಿದು, ಹೊರಗೆ ಬಂದು ಮದುವೆಯ ಊಟದ ಪಂಕ್ತಿಯಲ್ಲಿ ಪೂರ್ವದ ಕೇರಿಯನ್ನು ನೆನಸುತ್ತೇವಲ್ಲವೇ? ಹೊಸದಾಗಿ ಬಂದ ಬಡ ಸಹೋದರನಿಗೆ ಕಾಳು ಕೊಡುವ ಕೈಯು ಅವನಿಗೆ ಚಾಪೆಯ ಮೇಲೆ ಸಮನಾದ ಸ್ಥಳವನ್ನು ಕೊಡುತ್ತದೋ? ಕಾಗಾವಾರವರು ನಡೆದಷ್ಟು ದೂರ ನಡೆಯುವ ಶಕ್ತಿಯನ್ನೂ, ಅವರು ನಿಂತಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯಿಡುವ ಕೃಪೆಯನ್ನೂ ದೇವರು ಬಿಳಗಿ, ಮುಧೋಳ, ಜಮಖಂಡಿ, ರಬಕವಿ ಬನಹಟ್ಟಿಗಳ ನಮ್ಮ ಸಣ್ಣ ಸಭೆಗಳಿಗೆ ಅನುಗ್ರಹಿಸಲಿ.