ಮಾರಿಸ್ ಟ್ರಾವರ್ಸ್: ವಾಯುವಿನ ಶೋಧಕ, ಶೋಧನೆಯ ಚರಿತ್ರಕಾರ

ಮದ್ದೂರು ಸೀಮೆಯ ಶಿವಪುರದ ಹೆಸರು ಕನ್ನಡಿಗರ ಮನಸ್ಸಿನಲ್ಲಿ 1938ನೆಯ ಇಸವಿಯ ಧ್ವಜ ಸತ್ಯಾಗ್ರಹದೊಡನೆ ಬೆರೆತುಹೋಗಿದೆ. ನಿಷೇಧಾಜ್ಞೆಯನ್ನು ಲೆಕ್ಕಿಸದೆ ಅಲ್ಲಿ ಧ್ವಜವನ್ನೆತ್ತಿದವರ ಸ್ಮರಣೆಗಾಗಿ ಸತ್ಯಾಗ್ರಹಸೌಧವು ನಿಂತಿದೆ. ಮಹತ್ಕಾರ್ಯವನ್ನು ಮಾಡುವುದು ಒಂದು ಹಿರಿಮೆ. ಅದು ನಡೆದ ಬಗೆಯನ್ನು ಮುಂದಿನವರಿಗಾಗಿ ಕಾದಿಡುವುದು ಇನ್ನೊಂದು ಹಿರಿಮೆ. ರಾಜಕೀಯದಲ್ಲಿ ನಾವು ಒಪ್ಪಿಕೊಂಡಿರುವ ಈ ಎರಡನೆಯ ಕರ್ತವ್ಯವನ್ನು ವಿಜ್ಞಾನದ ವಿಷಯದಲ್ಲಿಯೂ ಪಾಲಿಸುತ್ತಿದ್ದೇವೆಯೆ? ಎರಡು ಕಾರ್ಯಗಳನ್ನೂ ಮಾಡಿದ, ನಮ್ಮ ಬೆಂಗಳೂರಿನೊಡನೆ ಸುಮಾರು ಎಂಟು ವರ್ಷಗಳ ಸಂಬಂಧವಿದ್ದ ಮಾರಿಸ್ ವಿಲಿಯಂ ಟ್ರಾವರ್ಸರ ಜೀವನವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಟ್ರಾವರ್ಸರು 1872ನೆಯ ಇಸವಿ ಜನವರಿ 24ರಂದು ಲಂಡನ್ನಿನಲ್ಲಿ ಜನಿಸಿದರು. 1894ರಲ್ಲಿ ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಸಿದ್ಧ ರಸಾಯನಶಾಸ್ತ್ರಜ್ಞರಾದ ವಿಲಿಯಂ ರಾಮ್ಸೆಯವರ ಕೈಕೆಳಗೆ ಕೆಲಸಕ್ಕೆ ಸೇರಿದರು. ಆರ್ಗಾನ್ ಎಂಬ ಅನಿಲವು ವಾಯುವಿನಲ್ಲಿ ಪತ್ತೆಯಾದುದು ಅದೇ ವರ್ಷ. ಗಾಳಿಯಿಂದ ತೆಗೆದ ಸಾರಜನಕವು ರಾಸಾಯನಿಕ ವಸ್ತುಗಳಿಂದ ಪಡೆದ ಸಾರಜನಕಕ್ಕಿಂತ ನೂರಕ್ಕೆ ಅರ್ಧದಷ್ಟು ಹೆಚ್ಚು ಭಾರವಾಗಿರುವುದನ್ನು ರ್‍ಯಾಲೆ ಪ್ರಭುಗಳು ಕಂಡಿದ್ದರು. ಆ ಅಲ್ಪ ವ್ಯತ್ಯಾಸವೇ ಅವರನ್ನೂ ರಾಮ್ಸೆಯವರನ್ನೂ ಹೊಸ ಮೂಲವಸ್ತುವಿನ ಬಳಿಗೆ ಕರೆದೊಯ್ದಿತು. ಇದಕ್ಕೂ ನೂರು ವರ್ಷಗಳಿಗೆ ಹಿಂದೆ, 1785ರಲ್ಲಿ, ಕ್ಯಾವೆಂಡಿಷ್ ಎಂಬ ವಿದ್ವಾಂಸನು ಗಾಳಿಯ ಸಾರಜನಕವನ್ನೆಲ್ಲ ತೆಗೆದರೂ 120ರಲ್ಲಿ ಒಂದು ಪಾಲನ್ನು ಮೀರದ ಗುಳ್ಳೆಯೊಂದು ಉಳಿಯುವುದನ್ನು ಕಂಡು ಬರೆದಿಟ್ಟಿದ್ದನು. ಅಚ್ಚಾದ ಆ ಮಾತಿನ ಅರ್ಥವನ್ನು ಒಂದು ಶತಮಾನದ ಕಾಲ ಯಾರೂ ಅರಸಲಿಲ್ಲ! ಹಳೆಯ ಬರಹಗಳನ್ನು ಅಲಕ್ಷಿಸಿದರೆ ವಿಜ್ಞಾನಕ್ಕೆ ಎಷ್ಟು ನಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಟ್ರಾವರ್ಸರ ಕೀರ್ತಿಗೆ ಕಾರಣವಾದುದು 1898ನೆಯ ಇಸವಿ. ಹ್ಯಾಂಪ್ಸನ್ ಎಂಬವರು ಒದಗಿಸಿದ ದ್ರವರೂಪದ ವಾಯುವನ್ನು ಮೆಲ್ಲಮೆಲ್ಲನೆ ಆವಿಯಾಗಗೊಟ್ಟು, ಕೊನೆಗುಳಿದ ಭಾಗವನ್ನು ಗುರುಶಿಷ್ಯರು ವರ್ಣಪಟಲದರ್ಶಕದಲ್ಲಿ ಪರೀಕ್ಷಿಸಿದರು. ಹಿಂದೆ ಯಾರೂ ಕಾಣದ ರೇಖೆಗಳು ತೋರಿದುವು. ಮೇ ತಿಂಗಳ ಕೊನೆಯಲ್ಲಿ ಹೀಗೆ ದೊರೆತ ಅನಿಲಕ್ಕೆ ಗೂಢವಾದುದೆಂಬ ಅರ್ಥದಲ್ಲಿ ಕ್ರಿಪ್ಟಾನ್ ಎಂದು ಹೆಸರಾಯಿತು. ಮರುದಿನ ತಮ್ಮ ಡಾಕ್ಟರ್ ಪದವಿಯ ಪರೀಕ್ಷೆಯಿರುವುದನ್ನೇ ಟ್ರಾವರ್ಸರು ಆ ರಾತ್ರಿಯ ಉತ್ಸಾಹದಲ್ಲಿ ಬಹುಮಟ್ಟಿಗೆ ಮರೆತಿದ್ದರಂತೆ. ಜೂನಿನಲ್ಲಿ ನವೀನವೆಂಬ ಅರ್ಥದ ನಿಯಾನ್, ಜುಲೈನಲ್ಲಿ ಆಗಂತುಕನೆಂಬ ಅರ್ಥದ ಕ್ಸೆನಾನ್ ದೊರೆತವು. ಆರೇಳು ವಾರಗಳಲ್ಲಿ ಮೂರು ಮೂಲವಸ್ತುಗಳು! ನಿಯಾನನ್ನು ಶುದ್ಧಗೊಳಿಸಲು ದ್ರವ ಜಲಜನಕದ ಶೈತ್ಯವೇ ಬೇಕಾದಾಗ ಟ್ರಾವರ್ಸರು ಅದನ್ನು ತಯಾರಿಸುವ ಯಂತ್ರವನ್ನು ತಾವೇ ನಿರ್ಮಿಸಿದರು. ವಾಯುವಿನ ಹತ್ತು ಲಕ್ಷ ಪಾಲಿನಲ್ಲಿ ನಿಯಾನ್ ಸುಮಾರು 18 ಪಾಲು, ಕ್ರಿಪ್ಟಾನ್ ಒಂದು ಪಾಲು. ಕ್ಸೆನಾನಾದರೋ ಒಂದು ಕೋಟಿಯಲ್ಲಿ ಒಂದು ಪಾಲಿನಷ್ಟು ಮಾತ್ರ. ಮನುಷ್ಯನು ಸದಾ ಉಸಿರಾಡುತ್ತಿದ್ದರೂ ಅರಿಯದಿದ್ದುದನ್ನು ಅವರು ಅರಿವಿಗೆ ತಂದರು.

ಅವರು ಬೆಂಗಳೂರಿಗೆ ಬಂದ ಬಗೆ ಹೀಗಿದೆ. ಜಮ್‌ಷೆಟ್‌ಜಿ ಟಾಟಾರವರ ವಿಜ್ಞಾನಮಂದಿರದ ಯೋಜನೆಯನ್ನು ಪರಿಶೀಲಿಸಲು 1900ರಲ್ಲಿ ರಾಮ್ಸೆಯವರು ಭರತಖಂಡದಲ್ಲಿ ಸಂಚರಿಸಿ, ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದರು. 1906ರಲ್ಲಿ ಅವರ ಶಿಷ್ಯರಾದ ಟ್ರಾವರ್ಸರು ಮೊದಲನೆಯ ನಿರ್ದೇಶಕರಾಗಿ ನೇಮಿತರಾದರು. ಮೈಸೂರು ಸರ್ಕಾರವು 371 ಎಕರೆ ನೆಲವನ್ನು ದಾನಮಾಡಿತು. 1911ರ ಫೆಬ್ರವರಿ 1ರಂದು ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅಸ್ತಿಭಾರವನ್ನು ಹಾಕಿದರು. ಆ ವರ್ಷವೇ ಜುಲೈನಲ್ಲಿ ವಿದ್ಯಾರ್ಥಿಗಳ ಪ್ರವೇಶವಾಯಿತು. ರಸಾಯನದ ಜೊತೆಯಲ್ಲಿ ವಿದ್ಯುಚ್ಛಿಲ್ಪವೂ ಅಲ್ಲಿ ಮೊದಲಿನಿಂದಲೇ ಬೋಧ್ಯವಿಷಯವಾಯಿತು. ಮಳವಳ್ಳಿ ಸೀಮೆಯ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಹರಿದು ಬಂದಿದ್ದ ಸಂಸ್ಥಾನದಲ್ಲಿ ಇದು ಸಹಜವೇ ಆಗಿತ್ತು.

ಆದರೆ ಹೊಗಳಿಕೆಯೊಂದೇ ಚರಿತ್ರೆಯಾಗಲಾರದು. ಸಂಸ್ಥೆಯ ಉದ್ದೇಶ ಮತ್ತು ಅಧಿಕಾರಗಳ ವಿಷಯದಲ್ಲಿ ಟ್ರಾವರ್ಸರಿಗೂ ಆಡಳಿತಮಂಡಲಿಗೂ ಸಹೋದ್ಯೋಗಿಗಳಿಗೂ ಸಾಮರಸ್ಯ ಉಳಿಯಲಿಲ್ಲ. 1914ರಲ್ಲಿ ಅವರು ಅಧಿಕಾರವನ್ನು ಬಿಟ್ಟು ಸ್ವದೇಶಕ್ಕೆ ತೆರಳಿದರು. ಭಾರತೀಯರ ಹಣದಿಂದಲೂ ಭೂಮಿಯಿಂದಲೂ ಹುಟ್ಟಿದ ಸಂಸ್ಥೆಗೆ ಭಾರತೀಯರೊಬ್ಬರು ನಿರ್ದೇಶಕರಾಗಲು 1933ರವರೆಗೆ, ಸರ್ ಸಿ. ವಿ. ರಾಮನ್‌ರವರ ನೇಮಕದವರೆಗೆ, ಕಾಯಬೇಕಾಯಿತು. ಈ ದೋಷವು ಒಬ್ಬ ವ್ಯಕ್ತಿಯದಲ್ಲ, ಆ ಕಾಲದ ಆಳ್ವಿಕೆಯದು. ಆದರೂ ಟ್ರಾವರ್ಸರು ಕಟ್ಟಿದ ಪ್ರಯೋಗಶಾಲೆಯು ವ್ಯರ್ಥವಾಗಲಿಲ್ಲ. ಮಹಾಯುದ್ಧದಿಂದ ಮೈಸೂರಿನ ಗಂಧದ ಮರಕ್ಕೆ ಜರ್ಮನಿಯ ಪೇಟೆ ಮುಚ್ಚಿದಾಗ, ಅಲ್ಲಿಯೇ ಸಡ್‌ಬರೋ ಮತ್ತು ವಾಟ್ಸನ್ ಎಂಬವರು ಎಣ್ಣೆ ತೆಗೆಯುವ ವಿಧಾನವನ್ನು ಪರಿಶೋಧಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು.

ಇಂಗ್ಲೆಂಡಿಗೆ ಹಿಂದಿರುಗಿದ ಟ್ರಾವರ್ಸರು ಯುದ್ಧಕಾಲದಲ್ಲಿ ಪ್ರಯೋಗಶಾಲೆಯ ಗಾಜಿನ ತಯಾರಿಕೆಯಲ್ಲಿಯೂ, ಆಮೇಲೆ ಕುಲುಮೆ ಮತ್ತು ಇಂಧನಗಳ ಶಿಲ್ಪದಲ್ಲಿಯೂ ತೊಡಗಿ, 1927ರಲ್ಲಿ ಬ್ರಿಸ್ಟಲಿನ ವಿದ್ಯಾಪೀಠವನ್ನು ಸೇರಿದರು. ಆ ಬಳಿಕ ಅವರ ಗಮನವು ಚರಿತ್ರೆಯ ಕಡೆಗೆ ತಿರುಗಿತು. ವಿರಳಾನಿಲಗಳ ಶೋಧನೆಯ ಕಥನವನ್ನು 1928ರಲ್ಲಿ ಪ್ರಕಟಿಸಿದರು. ಅದರ ಆಧಾರ ಬರಿಯ ನೆನಪಲ್ಲ, ಪ್ರಯೋಗಶಾಲೆಯ ದಿನಚರಿ ಪುಸ್ತಕಗಳು. ಗುರುವಿನ ಕಾಗದಪತ್ರಗಳನ್ನು ಬಹುಕಾಲ ಕೂಡಿಹಾಕಿ, 1956ರಲ್ಲಿ, ತಮ್ಮ 84ನೆಯ ವಯಸ್ಸಿನಲ್ಲಿ, ರಾಮ್ಸೆಯವರ ಜೀವನಚರಿತ್ರೆಯನ್ನು ಹೊರತಂದರು. 1961ರ ಆಗಸ್ಟ್ 25ರಂದು ದಿವಂಗತರಾದರು.

ಸಿದ್ಧಾಂತವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಶಾಸ್ತ್ರವು ಆಕಾಶದಿಂದ ಇಳಿದುಬಂದಂತೆ ತೋರುತ್ತದೆ. ಅದು ಸಂದೇಹಪಟ್ಟವರ, ತೂಗಿ ನೋಡಿದವರ, ತಪ್ಪಿ ತಿದ್ದಿಕೊಂಡವರ ಕೆಲಸವೆಂದು ತಿಳಿಯುವುದು ಚರಿತ್ರೆಯಿಂದ. ನಮ್ಮ ಕಾಲೇಜು, ಕಾರ್ಖಾನೆ, ಕಚೇರಿಗಳಲ್ಲಿ ಹಳೆಯ ದಿನಚರಿಗಳೂ ನಕ್ಷೆಗಳೂ ರದ್ದಿಯಾಗಿ ತೂಕಕ್ಕೆ ಹೋಗದಂತೆ ನೋಡಿಕೊಳ್ಳುವುದು ಅಧಿಕಾರಿಗಳ ಕೈಯಲ್ಲಿದೆ. ಇದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ. ಒಂದು ಕಪಾಟು, ಒಂದು ಪಟ್ಟಿ, ಜವಾಬ್ದಾರಿಯುಳ್ಳ ಒಬ್ಬ ಗುಮಾಸ್ತ. ಕ್ಯಾವೆಂಡಿಷನ ಒಂದು ಗುಳ್ಳೆಯ ಮಾತು ನೂರು ವರ್ಷಗಳ ಮೇಲೆ ಫಲಿಸಿತೆಂದರೆ, ಅದನ್ನು ಯಾರೋ ಅಷ್ಟು ಕಾಲ ಕಾಪಾಡಿದ್ದರೆಂದೇ ಅರ್ಥವಲ್ಲವೆ?