ಸಲಕರಾಜು ತಿರುಮಲ

ಆದವಾನಿಯಿಂದ ಗುಂತಕಲ್ಲಿನ ಮಾರ್ಗವಾಗಿ ಗುತ್ತಿಗೆ ಹೋದವರು ಅಲ್ಲಿಯ ದುರ್ಗವನ್ನು ನೋಡದೆ ಇರಲಾರರು. ವಿಜಯನಗರದ ಅಚ್ಯುತರಾಯನು 1542ರಲ್ಲಿ ತೀರಿಕೊಂಡಾಗ ಅವನ ಸೋದರನ ಮಗ ಸದಾಶಿವನು ಆ ದುರ್ಗದಲ್ಲಿ ಸೆರೆಯಾಗಿದ್ದನು. ಪಟ್ಟವು ಅಚ್ಯುತನ ಮಗನಾದ ಬಾಲಕ ವೆಂಕಟನಿಗೂ, ಅಧಿಕಾರವು ಆ ಬಾಲಕನ ಸೋದರಮಾವ ಸಲಕರಾಜು ಚಿಕ್ಕ ತಿರುಮಲನಿಗೂ ಸಂದಿತು.

ರಾಜಮಾತೆ ವರದಾಂಬಿಕೆಗೆ ಒಡಹುಟ್ಟಿದವನಲ್ಲಿಯೇ ನಂಬಿಕೆಯಿರಲಿಲ್ಲ. ಮಗನ ರಕ್ಷಣೆಗಾಗಿ ಆಕೆ ಬಿಜಾಪುರದ ಇಬ್ರಾಹಿಂ ಆದಿಲಶಾಹನ ಮೊರೆಹೊಕ್ಕಳು; ತಿರುಮಲನು ಅವನಿಗೆ ಹಣ ತೆತ್ತು ಹಿಂದಿರುಗಿಸಿದನು. ಅತ್ತ ಅಳಿಯ ರಾಮರಾಯನು ಸದಾಶಿವನನ್ನು ಬಿಡಿಸಿ, ಅವನೇ ಅರಸನೆಂದು ಸಾರಿದನು. ತಿರುಮಲನಾದರೋ ವೆಂಕಟನನ್ನೂ ರಾಜವಂಶದ ಇತರರನ್ನೂ ಕೊಲ್ಲಿಸಿ ತಾನೇ ಸಿಂಹಾಸನವನ್ನೇರಿದನು.

ಆದಿಲಶಾಹಿಯ ಇತಿಹಾಸಕಾರ ಫೆರಿಷ್ತನು ಅವನ ಅಂತ್ಯವನ್ನು ಹೀಗೆ ಚಿತ್ರಿಸಿದ್ದಾನೆ: ಶತ್ರುಸೈನ್ಯವು ಸಮೀಪಿಸಲು ತಿರುಮಲನು ಅರಮನೆಯಲ್ಲಿ ಅಡಗಿ, ಬುದ್ಧಿಗೆಟ್ಟು, ಆನೆ ಕುದುರೆಗಳ ಕಣ್ಣು ಕೀಳಿಸಿದನು, ತಲೆತಲಾಂತರದ ರತ್ನಗಳನ್ನು ಬೀಸುವ ಕಲ್ಲಿಗೆ ಹಾಕಿ ಪುಡಿಮಾಡಿಸಿದನು, ಕಡೆಗೆ ಕತ್ತಿಯ ಅಲಗಿಗೆ ತಾನೇ ಎದೆಯೊಡ್ಡಿದನು.

ಇದು ಚಿತ್ತಭ್ರಾಂತಿಯೇ? ನಮ್ಮ ಮೆದುಳು ಮುಂದೇನಾಗುವುದೆಂದು ಸದಾ ಊಹಿಸುತ್ತದೆ; ಊಹೆ ತಪ್ಪಿದರೆ ನಂಬಿಕೆಯನ್ನು ತಿದ್ದಿಕೊಳ್ಳುತ್ತದೆ. ಈ ತಿದ್ದುವಿಕೆಯ ಅಳತೆ ಕೆಟ್ಟಾಗ ಸಂಶಯವು ರೋಗವಾಗುತ್ತದೆಂದು ಇಂದಿನ ಅನೇಕ ವಿಜ್ಞಾನಿಗಳ ಮತ. ಎಲ್ಲವೂ ಯಾವ ಕ್ಷಣದಲ್ಲಾದರೂ ಬದಲಾದೀತೆಂದು ಕಾದಿರುವ ಮನಸ್ಸಿಗೆ ನಿನ್ನೆಯ ನಿಷ್ಠೆ ಸಾಕ್ಷಿಯಾಗದು. ಆಪ್ತನ ಮೌನವೂ ಸಂಚಿನ ಕುರುಹಾಗಿ ತೋರುತ್ತದೆ. ಡೋಪಮೀನ್ ಎಂಬ ದ್ರವ್ಯದ ಏರುಪೇರಿನಿಂದ ಅಲ್ಪ ಸಂಗತಿಗೂ ಮಹತ್ತ್ವ ಬರುವುದೆಂದು ಹೇಳುತ್ತಾರೆ. ಸಂಶಯ ಬೇರೂರಿದ ಮೇಲೆ, ಅದಕ್ಕೆ ವಿರುದ್ಧವಾದ ಸಾಕ್ಷ್ಯವನ್ನೂ ಅದು ತನ್ನತ್ತಲೇ ಬಾಗಿಸಿಕೊಳ್ಳುತ್ತದೆ.

ಆದರೆ ತಿರುಮಲನ ಸುತ್ತ ದ್ರೋಹವು ನಿಜವಾಗಿಯೇ ಇತ್ತು. ಅದರಲ್ಲಿ ಬಹುಪಾಲು ಅವನೇ ಬಿತ್ತಿದ್ದು. ಬಾಗಿಲಿಗೆ ಬಂದ ಹಗೆಯು ಭ್ರಮೆಯಲ್ಲ. ವಾಹನಗಳು ಶತ್ರುವಿಗೆ ಒದಗದಂತೆ ಕೆಡಿಸಿದ್ದು ಘೋರವಾದರೂ ಲೆಕ್ಕವಿಟ್ಟು ಮಾಡಿದ ಕೆಲಸ. ಮೇಲಾಗಿ ಫೆರಿಷ್ತನು ಬರೆದದ್ದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ರಾಮರಾಯನೇ ಯುದ್ಧದಲ್ಲಿ ಅವನನ್ನು ಕೊಂದನೆಂಬ ವೃತ್ತಾಂತವೂ ಉಂಟು. ಸೋತವನನ್ನು ಹುಚ್ಚನೆಂದರೆ ಗೆದ್ದವರಿಗೆ ಅನುಕೂಲವೇ ಸರಿ. ಕೊಲೆಗಾರನೆಂಬುದು ನಿಶ್ಚಯ, ರೋಗಿಯೆಂದು ನಾನು ಹೇಳಲಾರೆ.

ಸದಾಶಿವನಿಗೆ 1543ರಲ್ಲಿ ಪಟ್ಟವಾಯಿತು. ಅನಂತರ ಬಿಜಾಪುರದ ಅಸದಖಾನನು ನಮ್ಮ ಆದವಾನಿಯನ್ನು ಮುತ್ತಲು, ರಾಮರಾಯನ ತಮ್ಮ ವೆಂಕಟಾದ್ರಿಯು ಸೈನ್ಯದೊಡನೆ ಇದರ ರಕ್ಷಣೆಗೆ ಬಂದನು.